ಗವಿಬಾಯಲ್ಲಿ ಹತ್ತದ ಬೆಳಕು

ಗುಡ್ಡದ ಈಚೆ ಒಂದು ಊರು, ಆಚೆ ಒಂದು ಊರು, ನಡುವೆ ಗವಿ. ಗುಡ್ಡ ಹತ್ತಿ ಇಳಿಯೋಣವೆಂದರೆ ಅದು ಹತ್ತಿಸಿಕೊಳ್ಳುವ ಗುಡ್ಡವಲ್ಲ. ಬಳಸಿಕೊಂಡು ಹೋಗೋಣವೆಂದರೆ ಅದರ ಕೊನೆಯನ್ನು ಕಂಡವರಿಲ್ಲ. ಈಚೆಯವರು ಆಚೆ ಹೋಗುವುದಿದ್ದರೂ ಆಚೆಯವರು ಈಚೆ ಬರುವುದಿದ್ದರೂ ಗವಿಯೊಳಗೇ ನಡೆಯಬೇಕು. ಅನ್ನ ಬೇಯುವಷ್ಟು ಹೊತ್ತಿನ ದಾರಿ, ಅಷ್ಟೆ. ಆದರೆ ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ ಕತ್ತಲೆ, ಜೊತೆಗೆ ಎಲ್ಲಿಂದ ಬರುತ್ತದೆಂದು ಗೊತ್ತಾಗದ ಗಾಳಿ. ಹಣತೆ ಒಯ್ದರೆ ಆರುತ್ತದೆ, ಪಂಜು ಒಯ್ದರೆ ಆರುತ್ತದೆ. ಆರದೆ ನಿಲ್ಲುವುದು ಫೋನಿನ ಬೆಳಕು ಒಂದೇ.

ಆ ಊರಿಗೆ ಫೋನು ಯಾವಾಗ ಬಂತು ಎಂದು ನನ್ನನ್ನು ಕೇಳಬೇಡಿ. ಗುಡ್ಡ ಇದ್ದಾಗಿನಿಂದ ಇದೆ ಎನ್ನುತ್ತಾರೆ. ಗುಡ್ಡ ಅಡ್ಡ ಕೂತಿರುವುದರಿಂದ ಅದರಲ್ಲಿ ಮಾತಾಡಲು ಆಗುವುದಿಲ್ಲ, ಆಗುವುದಿಲ್ಲವೆಂದು ಯಾರಿಗೂ ಬೇಸರವೂ ಇಲ್ಲ. ಅವರ ಪಾಲಿಗೆ ಫೋನೆಂದರೆ ಒಂದು ಕಣ್ಣು, ಒಂದು ಬೆಳಕು. ಕಣ್ಣು ಇರುವುದು ಹೋಗುವವರನ್ನು ಬೀಳ್ಕೊಡುವುದಕ್ಕೆ. ಬೆಳಕು ಇರುವುದು ಗವಿಗೆ. ಗವಿಗಲ್ಲದೆ ಬೇರೆ ಯಾವ ಕೆಲಸಕ್ಕೂ ಅದನ್ನು ಹೊತ್ತಿಸುವಂತಿಲ್ಲ.

ಗವಿಗೊಂದು ಕಟ್ಟಳೆ ಇತ್ತು. ಯಾರ ಬೆಳಕಿನಲ್ಲಿ ಗವಿ ದಾಟುತ್ತೀರೋ ಅವರ ಮನೆಯವರಾಗುತ್ತೀರಿ. ಮದುಮಗಳು ಗಂಡನ ಬೆಳಕಿನಲ್ಲಿ ದಾಟುತ್ತಾಳೆ, ಅವನ ಮನೆಯವಳಾಗುತ್ತಾಳೆ. ಹಿಂದೊಮ್ಮೆ ಎಮ್ಮೆ ಕೊಳ್ಳಲು ಹೊರಟ ಗೃಹಸ್ಥನೊಬ್ಬನ ಬೆಳಕು ನಡುದಾರಿಯಲ್ಲಿ ಕೈಕೊಟ್ಟಿತು. ಅವನು ಮುಂದೆ ಹೋಗುತ್ತಿದ್ದ ಯಾರದೋ ಬೆಳಕಿಗೆ ಎರಡು ಹೆಜ್ಜೆ ಇಟ್ಟ. ಈಗ ಆ ಯಾರದೋ ಮನೆಯ ಎಮ್ಮೆಗಳ ಮೈ ತೊಳೆದುಕೊಂಡಿದ್ದಾನೆ. ಕೇಳಿದರೆ ಅಲ್ಲಿ ಮಜ್ಜಿಗೆ ಗಟ್ಟಿಯಿರುತ್ತದೆ ಎನ್ನುತ್ತಾನೆ. ಸಮಾಧಾನಕ್ಕೆ ಏನಾದರೊಂದು ಬೇಕಲ್ಲ.

ಗುಡ್ಡದ ಈಚೆ, ಮೂಡಲ ಊರಿನಲ್ಲಿ, ಬಾಚಣಿಗೆ ಮಾಡುವ ಹೆಂಗಸೊಬ್ಬಳಿದ್ದಳು. ಮರದ ಚಿಕ್ಕ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಲ್ಲು ಕೊರೆಯುತ್ತಿದ್ದಳು. ಗಂಡ ಸತ್ತು ಬಹಳ ಕಾಲವಾಗಿತ್ತು. ಇದ್ದ ಒಬ್ಬಳೇ ಮಗಳು ಕಳೆದ ವರ್ಷ ಮದುವೆಯಾಗಿ ಗಂಡನ ಬೆಳಕಿನಲ್ಲಿ ಗವಿ ದಾಟಿ ಹೋಗಿದ್ದಳು. ಹೆರಿಗೆಯ ಕರೆ ಬರುವತನಕ ತವರಿನವರು ಆಚೆ ಹೋಗುವಂತಿಲ್ಲ. ಆ ವರ್ಷವೆಲ್ಲ ಅವಳು ಬಾಚಣಿಗೆ ಕೊರೆದಳು, ಗವಿಯ ಕಡೆ ನೋಡಿದಳು, ಮತ್ತೆ ಕೊರೆದಳು.

ಒಂದು ಬೆಳಿಗ್ಗೆ ಕರೆ ಬಂತು. ಆಚೆಯಿಂದ ಬಂದ ಹುಣಿಸೆಹಣ್ಣಿನವಳು ಬುಟ್ಟಿ ಇಳಿಸುವ ಮುಂಚೆಯೇ ಕೂಗಿ ಹೇಳಿದಳು: “ಬಾಚಣಿಗೆಯಮ್ಮಾ, ನಿನ್ನ ಮಗಳಿಗೆ ಬೆಳಗಿನ ಜಾವ ಹೆಣ್ಣಾಯ್ತು! ಬೇಗ ಹೊರಡು, ಬಿಸಿಲು ಆರೋದ್ರೊಳಗೆ ಹೆಸರು ಬೀಳಬೇಕು.”

ಹೆಸರಿನದೂ ಒಂದು ಕಟ್ಟಳೆಯೇ. ಮಗಳು ಬೇರೆ ಮನೆಗೆ ಹೋದ ಮೇಲೆ ತವರಿಗೆ ಉಳಿಯುವ ಹಕ್ಕು ಇದೊಂದೇ: ಹುಟ್ಟಿದ ಮಗುವಿನ ಕಿವಿಯಲ್ಲಿ ಮೊದಲ ಹೆಸರನ್ನು ಹೇಳುವವಳು ತಾಯಿಯ ತಾಯಿ. ಅವಳು ತನ್ನ ಬೆಳಕಿನಲ್ಲೇ ಗವಿ ದಾಟಿ ಬರಬೇಕು. ಇನ್ನೊಬ್ಬರ ಬೆಳಕಿನಲ್ಲಿ ಬಂದರೆ ಅವಳು ಇನ್ನೊಬ್ಬರ ಮನೆಯವಳು, ಅವಳು ಹೇಳಿದ ಹೆಸರು ನಿಲ್ಲುವುದಿಲ್ಲ. ಹುಟ್ಟಿದ ದಿನದ ಬಿಸಿಲು ಆರುವುದರೊಳಗೆ ಹೆಸರು ಬೀಳದ ಮಗು ಜನ್ಮಪೂರ್ತಿ ಹೆಸರಿಲ್ಲದ್ದು. ಹೆಸರಿಲ್ಲದವರು ಊರೊಳಗೆ ಇರುವಂತಿಲ್ಲ, ಗವಿಯನ್ನು ದಾಟುವಂತೆಯೂ ಇಲ್ಲ. ಗವಿಯ ಬಾಯಲ್ಲೇ ಕಾವಲಿದ್ದುಕೊಂಡು ಬದುಕಬೇಕು.

ಬಾಚಣಿಗೆಯವಳು ಮಿಂದು, ಮಡಿಸಿಟ್ಟ ಸೀರೆ ಉಟ್ಟು, ಮೊಮ್ಮಗಳಿಗೊಂದು ಪುಟ್ಟ ಬಾಚಣಿಗೆಯನ್ನು ಸೆರಗಿಗೆ ಕಟ್ಟಿಕೊಂಡು ಗವಿಯ ಬಾಯಿಗೆ ಬಂದಳು. ಬಟ್ಟೆಯ ಚೀಲದಿಂದ ಫೋನು ತೆಗೆದಳು. ಬೆಳಕಿನ ಗುರುತನ್ನು ಒತ್ತಿದಳು. ಬೆಳಕು ಬರಲಿಲ್ಲ.

ಬೆರಳು ಒದ್ದೆಯಿರಬೇಕು ಎಂದುಕೊಂಡು ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಗುರುತು ಬೂದಿಯ ಬಣ್ಣಕ್ಕೆ ತಿರುಗಿ ಸುಮ್ಮನೆ ಕೂತಿತ್ತು. ಬೆಳಕು ಬರಲಿಲ್ಲ.

ಮೂಡಲ ಬಾಯಿಯ ಕಾವಲುಗಾರ ಕಲ್ಲಿನ ಮೇಲೆ ಕೂತು ನೋಡುತ್ತಿದ್ದ. ಅವನೂ ಹೆಸರಿಲ್ಲದವನೇ. ಅವನು ಹುಟ್ಟಿದ ದಿನ ಆಚೆಯಿಂದ ಹೊರಟ ಅವನ ಅಜ್ಜಿ ಬೆಳಕು ಕೆಟ್ಟು ಗವಿಯೊಳಗೇ ತಡಕಾಡಿ, ಇವನಿರುವಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಬಿಸಿಲು ಆರಿತ್ತು. ಅದಕ್ಕಾಗಿ ಅವನು ಯಾರ ಮೇಲೂ ಸಿಟ್ಟು ಇಟ್ಟುಕೊಂಡಿರಲಿಲ್ಲ. ಅವನಿಗಿದ್ದದ್ದು ಕುತೂಹಲ. ಯಾರು ಯಾರನ್ನು “ಏಯ್” ಎಂದು ಕೂಗಿದರೂ ಅವನು ತಿರುಗಿ ನೋಡುತ್ತಿದ್ದ, ದನ ಕಾಯುವವರು ದನಗಳನ್ನು ಕೂಗಿದರೂ ಸಹ. ಗವಿ ದಾಟಲು ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದ. ಅವಳನ್ನೂ ಕೇಳಿದ.

“ಬಾಚಣಿಗೆಯಮ್ಮ, ನಿನ್ನ ಹೆಸರು ಹಿಡಿದು ಕರೆದಾಗ ನಿನಗೆ ಒಳಗೆ ಏನಾಗುತ್ತೆ?”

“ಏನೂ ಆಗಲ್ಲ ಕಣಯ್ಯ. ತಿರುಗಿ ನೋಡ್ತೀವಿ, ಅಷ್ಟೆ.”

“ಅಷ್ಟೇನಾ? ತಿರುಗಿ ನೋಡೋದು ಅಂದ್ರೆ ಸಣ್ಣ ವಿಷಯಾನಾ?” ಎಂದು ಅವನು ಗಲ್ಲದ ಮೇಲೆ ಕೈಯಿಟ್ಟು ಯೋಚನೆಗೆ ಬಿದ್ದ. ಆಮೇಲೆ ಕೇಳಿದ, “ಮೊಮ್ಮಗಳಿಗೆ ಏನು ಹೆಸರಿಡ್ತಿ?”

“ನನ್ನ ಮಗಳ ಹೆಸರೇ. ವರ್ಷದಿಂದ ಆ ಹೆಸರನ್ನ ಬಾಯ್ತುಂಬ ಕೂಗಿಲ್ಲ. ಮೊಮ್ಮಗಳಿಗೆ ಇಟ್ಟರೆ ಇನ್ನೊಮ್ಮೆ ಕೂಗಬಹುದು.” ಹೇಳುತ್ತಲೇ ಗುರುತನ್ನು ಒತ್ತಿದಳು. ಬೆಳಕು ಬರಲಿಲ್ಲ.

ಬೆಳಕು ಬಾರದ ಸುದ್ದಿ ಊರಿಗೆ ಮುಟ್ಟಿತು. ಕೆಲಸವಿದ್ದವರು ಕೆಲಸ ಬಿಟ್ಟು ಬಂದರು, ಇಲ್ಲದವರು ಅದಕ್ಕೂ ಮೊದಲೇ ಬಂದರು. ಇಂಥ ಹೊತ್ತಿನಲ್ಲಿ ಬುದ್ಧಿ ಹೇಳದೆ ಇರುವವರು ಯಾವ ಊರಿನಲ್ಲಿದ್ದಾರೆ?

ಸೀಗೆಪುಡಿ ಮಾರುವವಳು ಮುಂದೆ ಬಂದು, “ಕೊಳೆ ಕೂತಿರತ್ತೆ ಬಿಡು. ದೀಪದ ಗಾಜು ಒರೆಸದಿದ್ರೆ ದೀಪ ಉರಿಯೋದುಂಟಾ?” ಎಂದಳು. ಬಟ್ಟೆಯ ಚೀಲವನ್ನು ಆಚೆಗಿಟ್ಟು, ಫೋನಿನ ಬೆನ್ನಿನ ಮೇಲಿದ್ದ ಸಣ್ಣ ಗಾಜನ್ನು ಸೀರೆಯ ಚುಂಗಿನಿಂದ ಉಜ್ಜಿದಳು, ಬಾಯಿಂದ ಹಬೆ ಬಿಟ್ಟು ಮತ್ತೆ ಉಜ್ಜಿದಳು. ಗಾಜು ಕನ್ನಡಿಯಾಯಿತು. ಬಾಚಣಿಗೆಯವಳು ಗುರುತನ್ನು ಒತ್ತಿದಳು. ಬೆಳಕು ಬರಲಿಲ್ಲ.

“ಹೊಟ್ಟೆ ಖಾಲಿ ಇರತ್ತೆ” ಎಂದರು ಉಳಿದವರು. ಊರಿನ ನಡುವೆ ಚಾರ್ಜಿನ ಕಟ್ಟೆ ಇತ್ತು. ಅಲ್ಲಿಗೆ ಓಡಿದರು. ಕಟ್ಟೆಯ ಮೇಲೆ ಫೋನನ್ನು ಮಲಗಿಸಿ ತಂತಿ ಚುಚ್ಚಿ ಸುತ್ತ ನಿಂತರು. “ನಿನ್ನ ಫೋನಿಗೆ ಯಾವಾಗಲೂ ಹಸಿವೇ ನೋಡು. ವಾರಕ್ಕೊಮ್ಮೆ ನಾವು ಬಂದರೆ ನೀನು ದಿನಾ ಬರ್ತೀ” ಎಂದು ಯಾರೋ ಅಂದರು. ಗುಡ್ಡದ ನೆರಳು ಕಟ್ಟೆಯ ಕಡೆ ಸರಿಯುತ್ತಿತ್ತು. ಹೊಟ್ಟೆ ತುಂಬಿದ ಫೋನನ್ನು ಹೊತ್ತುಕೊಂಡು ಎಲ್ಲರೂ ಗವಿಯ ಬಾಯಿಗೆ ಮರಳಿದರು. ಅವಳು ಗುರುತನ್ನು ಒತ್ತಿದಳು. ಬೆಳಕು ಬರಲಿಲ್ಲ.

ಹಿಟ್ಟಿನ ಗಿರಣಿಯವನು ಫೋನನ್ನು ಅಂಗೈಯಲ್ಲಿಟ್ಟು ನೋಡಿ ಹೌಹಾರಿದ. “ಇದು ಜ್ವರ ಬಂದಂಗೆ ಕಾದಿದೆಯಲ್ಲೇ! ನನ್ನ ಗಿರಣಿಯ ಕಲ್ಲು ಹಿಂಗೆ ಕಾದಾಗ ನಾನು ನಿಲ್ಲಿಸ್ತೀನಿ. ಮೊದಲು ತಣ್ಣಗೆ ಮಾಡು.”

ಹೌದು, ಅದು ಯಾವಾಗಲೂ ಬೆಚ್ಚಗೇ ಇರುತ್ತಿತ್ತು. ಚಳಿಗಾಲದಲ್ಲಿ ಅವಳು ಅದನ್ನು ಎದೆಗವಚಿ ಮಲಗುತ್ತಿದ್ದಳು. ಗಿರಣಿಯವನ ಒದ್ದೆ ಟವೆಲಿನ ಮೇಲೆ ಬಾಳೆಲೆ ಹಾಸಿ ಫೋನನ್ನು ಇಟ್ಟರು, ಒಬ್ಬರಾದ ಮೇಲೊಬ್ಬರು ಬೀಸಣಿಗೆ ಬೀಸಿದರು. ಫೋನು ತಣ್ಣಗಾಯಿತು. ಅವಳು ಗುರುತನ್ನು ಒತ್ತಿದಳು. ಬೆಳಕು ಬರಲಿಲ್ಲ.

ಗಿರಣಿಯವನ ಹೆಂಡತಿ ತೀರಿಕೊಂಡಿದ್ದಳು. ಅವನು ಮೀಸೆ ತಿರುವಿ ಹೇಳಿದ, “ಹೋಗ್ಲಿ ಬಿಡೇ, ನನ್ನ ಬೆಳಕಲ್ಲೇ ಬಾ. ನಮ್ಮನೇಲಿ ದೋಸೆ ಹುಯ್ಯೋರು ಯಾರೂ ಇಲ್ಲ.” ಜನ ಗೊಳ್ಳೆಂದು ನಕ್ಕರು. ಅವಳಿಗೂ ನಗು ಬಂತು. ಆದರೆ ನಗುತ್ತಲೇ ಬೇಡವೆಂದು ಕೈಯಾಡಿಸಿದಳು. ಹಾಗೆ ಹೋದರೆ ಅವಳು ಆಚೆಯ ಊರಿನಲ್ಲಿ ದೋಸೆ ಹುಯ್ಯುವ ಮನೆಯವಳಾಗಿ ಇಳಿಯುತ್ತಾಳೆ, ಅಜ್ಜಿಯಾಗಿ ಅಲ್ಲ.

“ಇಷ್ಟೆಲ್ಲ ಯಾಕೆ? ಒಂದ್ಸಲ ಪೂರ್ತಿ ಮುಚ್ಚಿ ತೆರೆ, ಎಲ್ಲ ಸರಿಯಾಗತ್ತೆ” ಎಂದಳು ಸೀಗೆಪುಡಿಯವಳು. ಆ ಊರಿನಲ್ಲಿ ಫೋನಿಗೆ ಏನಾದರೂ ಎಲ್ಲರೂ ಕೊನೆಗೆ ಮಾಡುವುದು ಅದನ್ನೇ. ಫೋನನ್ನು ಮಲಗಿಸಿ, ಮೈಯೆಲ್ಲ ಕಪ್ಪಾಗುವತನಕ ಒತ್ತಿ ಹಿಡಿದು, ಒಂದು ನಿಟ್ಟುಸಿರು ಬಿಡುವಷ್ಟು ಹೊತ್ತು ಕಾದು, ಮತ್ತೆ ಎಬ್ಬಿಸುವುದು. ಮಕ್ಕಳಿಗೂ ಗೊತ್ತಿದ್ದ ಉಪಾಯ.

ಬಾಚಣಿಗೆಯವಳು ಫೋನನ್ನು ಎದೆಗೆ ಒತ್ತಿಕೊಂಡಳು. “ಅದೊಂದು ಬೇಡ.”

“ಯಾಕೆ ಬೇಡ?”

“ಬೇಡ ಅಂದ್ರೆ ಬೇಡ.”

“ಮೊಮ್ಮಗಳು ಗವಿ ಕಾದುಕೊಂಡಿರಲಿ ಅಂತಾನಾ? ಪಡುವಲ ಬಾಯಿಗೆ ಕಾವಲಿನವರು ಯಾರೂ ಇಲ್ಲವಂತೆ ಈಗ” ಎಂದು ಜನರಲ್ಲಿ ಯಾರೋ ಗೊಣಗಿದರು. ಅವಳ ಕಣ್ಣಲ್ಲಿ ನೀರಾಡಿತು, ಕೈ ಮಾತ್ರ ಸಡಿಲವಾಗಲಿಲ್ಲ. ಹಟಮಾರಿ ಹೆಂಗಸಿನ ಹತ್ತಿರ ತಲೆ ಚಚ್ಚಿಕೊಳ್ಳಲಾಗದೆಂದು ಜನ ಕರಗಿದರು. ಗುಡ್ಡದ ನೆರಳು ಊರನ್ನು ಅರ್ಧ ನುಂಗಿತ್ತು.

ಕಾವಲುಗಾರ ಹೋಗಲಿಲ್ಲ. ಅವನಿಗೆ ಹೋಗಲು ಬೇರೆ ಜಾಗವೂ ಇರಲಿಲ್ಲ. ಅವನು ಕಲ್ಲಿನ ಮೇಲೆ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟ. “ಮುಚ್ಚಿದರೆ ಏನು ಹೋಗತ್ತೆ?” ಎಂದು ಕೇಳಿದ. ಬೈಯುವ ದನಿಯಲ್ಲ, ತಿಳಿದುಕೊಳ್ಳುವ ದನಿ. ಹಾಗೆ ಅವಳನ್ನು ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ.

ಅವಳು ಫೋನಿನ ಮೈಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು. ಬೆಳಕಿನ ಪುಟದ ಹಿಂದೆ, ಸಮಯ ತೋರಿಸುವ ಪುಟದ ಹಿಂದೆ, ಎಲ್ಲಕ್ಕಿಂತ ಒಳಗೆ, ಕಣ್ಣು ತೆರೆದುಕೊಂಡಿತ್ತು. ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಮಿಣುಕುತ್ತಿತ್ತು. ಕಣ್ಣಿನೊಳಗೆ ಕಾಣುತ್ತಿದ್ದದ್ದು ಅವರಿಬ್ಬರ ಪಾದಗಳು.

ಬೀಳ್ಕೊಡುವಾಗ ಕಣ್ಣು ತೆರೆಯುವುದು ಆ ಊರಿನ ಪದ್ಧತಿ. ಮನೆಯವರು ಗವಿಯ ಬಾಯಲ್ಲಿ ಫೋನೆತ್ತಿ ಹಿಡಿದು ಹೋಗುವವರ ಬೆನ್ನನ್ನು ನೋಡುತ್ತಾರೆ. ಕಣ್ಣು ತೆರೆದಿರುವಷ್ಟು ಹೊತ್ತು ಅದು ಕಂಡದ್ದನ್ನೆಲ್ಲ ಹಿಂದಕ್ಕೆ ಸರಿಸಿ ಮತ್ತೆ ನೋಡಬಹುದು. ಕಣ್ಣು ಮುಚ್ಚಿದರೂ ಫೋನು ಮುಚ್ಚಿದರೂ ಎಲ್ಲ ಹೋಯಿತು. ಆದರೆ ತಾನಾಗಿಯೇ ಮುಚ್ಚುವಂತಿಲ್ಲ. ಅದು ಹೋಗುವವರ ಬೆನ್ನಿಗೆ ಬಾಗಿಲು ಹಾಕಿದಂತೆ. ಮನೆಯಲ್ಲಿ ಇನ್ನೊಬ್ಬರು ಹೆಗಲು ಮುಟ್ಟಿ “ಸಾಕು” ಎನ್ನಬೇಕು, ಆಗ ಮುಚ್ಚಬೇಕು. ತುಂಬಿದ ಮನೆಗಳಲ್ಲಿ ಇದಕ್ಕೆ ತಡವೇನೂ ಆಗುವುದಿಲ್ಲ. ಕೆಲವು ಸೊಸೆಯಂದಿರಂತೂ ಅತ್ತೆ ಗವಿಗೆ ಕಾಲಿಡುವ ಮುಂಚೆಯೇ “ಸಾಕು” ಅಂದುಬಿಡುತ್ತಾರೆ. ಹಾಗಾಗಿ ಆ ಊರಿನಲ್ಲಿ ಕಣ್ಣು ತೆರೆದೇ ಉಳಿದ ಫೋನು ಇರಲೇ ಇಲ್ಲ. ತೆರೆದ ಕಣ್ಣು ಬೆಳಕನ್ನು ಹತ್ತಗೊಡುವುದಿಲ್ಲವೆಂದು ಯಾರಿಗಾದರೂ ಹೇಗೆ ಗೊತ್ತಾಗಬೇಕು?

“ಮಗಳು ಹೋದ ದಿನ ತೆರೆದದ್ದು” ಎಂದಳು ಅವಳು. “ಮನೇಲಿ ಇದ್ದದ್ದು ನಾವಿಬ್ಬರೇ. ಅವಳು ಹೋದಳು. ನನ್ನ ಹೆಗಲು ಮುಟ್ಟಿ ಸಾಕು ಅನ್ನೋರು ಯಾರು? ಕಾದೆ, ಕಾದೆ. ಕತ್ತಲಾಯ್ತು. ಹಾಗೇ ಚೀಲದಲ್ಲಿ ಹಾಕ್ಕೊಂಡು ಮನೆಗೆ ಹೋದೆ.”

ಕಾವಲುಗಾರ ಫೋನಿನ ಹತ್ತಿರಕ್ಕೆ ಬಾಗಿದ. ವರ್ಷವಿಡೀ ನಿದ್ದೆ ಮಾಡದ ಕಣ್ಣು; ಅದಕ್ಕೇ ಅಷ್ಟು ಹಸಿವು, ಅದಕ್ಕೇ ಅಷ್ಟು ಬಿಸಿ. ಈ ಕಡೆ ಕಣ್ಣು, ಆ ಕಡೆ ಬೆಳಕು, ಎರಡೂ ಒಂದೇ ಮನೆಯಲ್ಲಿರುವವು. ಒಂದು ಬಿಟ್ಟರಲ್ಲವೇ ಇನ್ನೊಂದಕ್ಕೆ ಜಾಗ? ಅವನು ಇದನ್ನೆಲ್ಲ ಗಟ್ಟಿಯಾಗಿ ಯೋಚಿಸಿದ, ಅವಳೂ ಕೇಳಿಸಿಕೊಂಡಳು. ಇಬ್ಬರಿಗೂ ಅದು ಒಂದೇ ಹೊತ್ತಿಗೆ ತಿಳಿಯಿತು.

“ಒಂದ್ಸಲ ನನಗೂ ತೋರಿಸ್ತೀಯಾ?” ಎಂದ ಅವನು.

ಅವಳು ಬೆರಳಿನಿಂದ ಹಿಂದಕ್ಕೆ ಸರಿಸಿದಳು. ಚೀಲದೊಳಗಿನ ಕತ್ತಲೆ, ಬಾಚಣಿಗೆಯ ಹಲ್ಲುಗಳು, ಚೀಲದೊಳಗಿನ ಕತ್ತಲೆ, ಮಳೆ, ಮತ್ತೆ ಕತ್ತಲೆ. ವರ್ಷವೆಲ್ಲ ಹಿಂದಕ್ಕೆ ಓಡಿ ಕೊನೆಗೆ ಮೊದಲ ದಿನಕ್ಕೆ ಬಂದು ನಿಂತಿತು. ಮದುವೆಯ ಸೀರೆಯುಟ್ಟ ಹುಡುಗಿಯ ಬೆನ್ನು. ಮುಂದೆ ಗಂಡನ ಬೆಳಕು. ಬೆನ್ನು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಬೆಳಕಿನೊಳಗೆ ಕರಗಿತು.

“ತಿರುಗಿ ನೋಡಲಿಲ್ಲವಲ್ಲ” ಎಂದ ಕಾವಲುಗಾರ.

“ಇಲ್ಲ. ದಿನಾ ನೋಡ್ತೀನಿ. ಒಂದು ದಿನವಾದ್ರೂ ತಿರುಗ್ತಾಳೇನೋ ಅಂತ ನೋಡ್ತೀನಿ. ಹುಚ್ಚು ನನಗೆ.”

“ನೀನು ಕರೆದೆಯಾ?”

“ಇಲ್ಲ. ಹೋಗೋರನ್ನ ಹಿಂದಿನಿಂದ ಕರೀಬಾರ್ದು.”

ಅವನಿಗೆ ಆಶ್ಚರ್ಯವಾಯಿತು. “ಹೆಸರಿರೋ ಹುಡುಗಿ. ಕರೆಯದೇ ಇದ್ದರೆ ಹೇಗೆ ತಿರುಗ್ತಾಳೆ?”

ಅವಳು ಅವನ ಮುಖವನ್ನೇ ನೋಡಿದಳು. ವರ್ಷವಿಡೀ ಮಗಳು ತಿರುಗಲಿಲ್ಲವೆಂದು ಕೊರಗಿದ್ದಳೇ ಹೊರತು ತಾನು ಕರೆಯಲಿಲ್ಲವೆಂದು ಒಮ್ಮೆಯೂ ಅಂದುಕೊಂಡಿರಲಿಲ್ಲ. ಆಚೆಯಲ್ಲಿ ಆ ಹುಡುಗಿ ಈಗ ಎಳೆಯ ಕೂಸನ್ನು ಮಡಿಲಲ್ಲಿಟ್ಟುಕೊಂಡು ಗವಿಯ ಬಾಯನ್ನೇ ನೋಡುತ್ತಿರಬೇಕು. ಇಲ್ಲಿ ತಾನು ಅವಳ ಬೆನ್ನನ್ನು ಕಾಯುತ್ತಾ ಕೂತಿದ್ದೇನೆ. ಇದೆಂಥ ಕಾವಲು?

“ಸಾಕು ಅನ್ನು, ನೀನಾದ್ರೂ ಅನ್ನು” ಎಂದು ಅವಳು ಕಾವಲುಗಾರನಿಗೆ ಹೆಗಲು ಚಾಚಿದಳು.

“ನಾನು ಯಾವ ಮನೆಯವನೂ ಅಲ್ಲ, ನಾನಂದ್ರೆ ನಡೆಯಲ್ಲ” ಎಂದ ಅವನು. “ನಿನ್ನ ಮನೆಯವರೇ ಅನ್ನಬೇಕು. ಯಾರಿದ್ದಾರೆ ನಿನ್ನ ಮನೇಲಿ?”

“ನಾನೊಬ್ಬಳೇ.”

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಹೊಸದಾಗಿ ಕೇಳಿಸಿತು. ಮನೆಯಲ್ಲಿ ಒಬ್ಬಳು ಇದ್ದಾಳೆ. ಖಾಲಿ ಮನೆಯೇನಲ್ಲ. ಅವಳು ಎಡಗೈಯನ್ನು ನಿಧಾನವಾಗಿ ಎತ್ತಿ ತನ್ನ ಬಲ ಹೆಗಲ ಮೇಲೆ ಇಟ್ಟುಕೊಂಡಳು. ಆ ಊರಿನಲ್ಲಿ ಹಾಗೆ ಯಾರೂ ಮಾಡಿರಲಿಲ್ಲ. ಮಾಡಬಾರದೆಂದು ಯಾರೂ ಹೇಳಿರಲೂ ಇಲ್ಲ. ಯಾರಿಗೂ ಅದು ಹೊಳೆದಿರಲಿಲ್ಲ, ಅಷ್ಟೆ.

“ಸಾಕು” ಎಂದಳು.

ಕೆಂಪು ಚುಕ್ಕೆ ಆರಿತು. ಕಣ್ಣು ಮುಚ್ಚಿತು. ಮಗಳ ಬೆನ್ನು ಹೋಯಿತು. ಅವಳಿಗೆ ಅಳು ಬಂತು, ಅತ್ತಳು. ಕಾವಲುಗಾರ ಅವಳು ಅಳುವುದನ್ನು ಮುಗಿಸಲು ಬಿಟ್ಟ. ಆಮೇಲೆ ಬೂದಿಯಾಗಿದ್ದ ಗುರುತು ಬೆಳ್ಳಗಾಗಿರುವುದನ್ನು ಅವನೇ ಬೆರಳು ಮಾಡಿ ತೋರಿಸಿದ. ಅವಳು ಒತ್ತಿದಳು.

ಬೆಳಕು ಬಂತು.

ಗವಿಯೊಳಗೆ ಅವಳು ಓಡಲಿಲ್ಲ. ಓಡಿದರೆ ಬೆಳಕು ಕುಣಿದು ದಾರಿ ತಪ್ಪಿಸುತ್ತದೆ. ಆದರೆ ನಿಲ್ಲಲೂ ಇಲ್ಲ. ಗೋಡೆಯುದ್ದಕ್ಕೂ ಜನ ಕೈಯಾನಿಸಿ ನಡೆದು ನಡೆದು ಕಲ್ಲು ನುಣುಪಾಗಿತ್ತು. ಇದರಲ್ಲಿ ಮಗಳ ಕೈ ತಾಗಿದ ಜಾಗ ಯಾವುದೆಂದು ಹುಡುಕಿದಳು. ಎಲ್ಲ ಒಂದೇ ನುಣುಪು. ಅವಳೂ ಕೈಯಾನಿಸಿಕೊಂಡು ನಡೆದಳು.

ನಡುವಿನಲ್ಲಿ, ಹಿಂದಿನ ಬಾಯಿಯೂ ಕಾಣದ ಮುಂದಿನ ಬಾಯಿಯೂ ಕಾಣದ ಜಾಗದಲ್ಲಿ, ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡೋಣವೆನ್ನಿಸಿತು. ಮಗಳ ಹೆಸರನ್ನು ಕೂಗಿದಳು. ವರ್ಷದಿಂದ ಕೂಗದ ಹೆಸರು ಗವಿಯ ತುಂಬ ಓಡಾಡಿ ಅವಳ ದನಿಯಲ್ಲೇ ಅವಳ ಹತ್ತಿರ ಮರಳಿತು. ಚೆನ್ನಾದ ಹೆಸರು. ಅವಳ ತಾಯಿ ಇಟ್ಟದ್ದು. ಈ ಹೆಸರನ್ನು ಕೂಸಿಗೆ ಇಟ್ಟರೆ ಏನಾಗುತ್ತದೆಂದು ಕುತೂಹಲದಿಂದ ಯೋಚಿಸಿದಳು. ತಾನು ಕೂಗುತ್ತೇನೆ, ಕೂಸು ತಿರುಗುತ್ತದೆ. ಆದರೆ ತಾನು ಕೂಗಿದ್ದು ಅದನ್ನಲ್ಲ. ಪಾಪ, ಇನ್ನೊಬ್ಬರನ್ನು ಕರೆದಾಗಲೆಲ್ಲ ಆ ಕೂಸು ತಿರುಗಬೇಕು, ಬದುಕಿಡೀ. ಕಲ್ಲಿನ ಮೇಲೆ ಕೂತು ಪ್ರತಿ “ಏಯ್”ಗೂ ಕತ್ತು ತಿರುಗಿಸುವವನ ಪಾಡಿಗೂ ಇದಕ್ಕೂ ಹೆಚ್ಚೇನು ವ್ಯತ್ಯಾಸ?

ಆ ಹೆಸರನ್ನು ಅವಳು ಅಲ್ಲೇ ಬಿಟ್ಟಳು. ಕೈಯಲ್ಲಿ ಬೇರೆ ಹೆಸರಿರಲಿಲ್ಲ. ಬರಿಗೈಯಲ್ಲಿ ಹೋಗುತ್ತಿದ್ದೇನಲ್ಲ ಎಂದು ಭಯವಾಯಿತು. ಆದರೂ ನಡೆದಳು.

ಪಡುವಲ ಬಾಯಲ್ಲಿ ಬಿಸಿಲು ಇನ್ನೂ ಇತ್ತು, ಒಂದು ಬಟ್ಟೆಯ ಅಂಚಿನಷ್ಟು. ಬೀಗರು, ನೆಂಟರು, ನೆರೆಯವರು ಗುಂಪುಗೂಡಿದ್ದರು. ಮುಂದೆ ಚಾಪೆಯ ಮೇಲೆ ಮಗಳು. ಬಾಣಂತಿಯನ್ನು ಹೊರಗೆ ತರಬಾರದೆಂದು ಎಲ್ಲರೂ ಅಂದರೂ ಕೇಳದೆ ಬಂದು ಕೂತಿದ್ದಳಂತೆ. ಗವಿಯೊಳಗಿಂದ ಬೆಳಕು ಬಂದದ್ದೇ ಅವಳು “ಅಮ್ಮಾ!” ಎಂದು ಚೀರಿದಳು. “ಎಷ್ಟೊತ್ತು ಮಾಡಿದೆ? ಒಳಗಿಂದ ನನ್ನ ಹೆಸರು ಕೂಗಿದ್ದು ನೀನೇ ತಾನೆ?”

“ಕೇಳಿಸಿತಾ?”

“ಕೇಳಿಸಿದ್ದಕ್ಕೇ ಜೀವ ಬಂತು. ಎಲ್ಲಿದ್ದೀಯೋ ಅಂತ ಹೆದರಿಬಿಟ್ಟಿದ್ದೆ.”

ಮಾತಿಗೆ ಹೊತ್ತಿರಲಿಲ್ಲ. ತಾಯಿ ಫೋನನ್ನು ಆರಿಸಿ ಕೆಳಗಿಟ್ಟು ಕೂಸನ್ನು ಎತ್ತಿಕೊಂಡಳು. ಮಗಳ ಮೂಗು ಇದೆಯೇ, ಮಗಳ ಹಣೆ ಇದೆಯೇ ಎಂದು ಹುಡುಕಲಿಲ್ಲ. ಅದರ ಮುಖವನ್ನೇ ನೋಡಿದಳು. ಕೆಂಪಗೆ, ಸುಕ್ಕುಸುಕ್ಕಾಗಿ, ಯಾರ ಗೊಡವೆಯೂ ಬೇಡವೆನ್ನುವ ಹಾಗೆ ಮುಷ್ಟಿ ಬಿಗಿದು ಮಲಗಿತ್ತು. ಯಾರ ಹಾಗೂ ಇರಲಿಲ್ಲ. ನೋಡುತ್ತಿದ್ದ ಹಾಗೆ ಅವಳ ಬಾಯಿಗೆ ಒಂದು ಹೆಸರು ಬಂತು. ಬಾಗಿ, ಬಿಸಿಲು ಕೂಸಿನ ಕಿವಿಯ ಮೇಲಿರುವಾಗಲೇ, ಹೇಳಿದಳು. ಹೇಳಿ ತಲೆಯೆತ್ತುವಷ್ಟರಲ್ಲಿ ಬಿಸಿಲು ಆರಿತು.

“ನನ್ನ ಹೆಸರೇ ಇಟ್ಟೆ ಅಲ್ವಾ?” ಎಂದಳು ಮಗಳು. “ಅಮ್ಮ ಅದನ್ನೇ ಇಡ್ತಾಳೆ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೆ.”

“ಇಲ್ಲ ಕಣೆ. ನಿನ್ನ ಹೆಸರು ನಿನ್ನ ಹತ್ತಿರಾನೇ ಇರಲಿ. ನಿನ್ನನ್ನ ಕರೆಯೋಕೆ ನನಗೆ ಬೇಕು.”

ಅವಳು ಮಗಳ ಕಿವಿಯಲ್ಲಿ ಹೊಸ ಹೆಸರನ್ನು ಹೇಳಿದಳು. ಮಗಳು ಅದನ್ನು ಬಾಯೊಳಗೇ ಒಮ್ಮೆ ಹೊರಳಿಸಿ ನೋಡಿದಳು. ಆ ಎರಡು ಊರುಗಳಲ್ಲಿ ಹೆಸರುಗಳೆಲ್ಲ ಹಿರಿಯರಿಂದ ಬಂದವು. ಜಾತ್ರೆಯಂಥ ಗುಂಪಿನಲ್ಲಿ ಯಾವ ಹೆಸರು ಕೂಗಿದರೂ ನಾಲ್ಕಾರು ತಲೆಗಳು ಒಟ್ಟಿಗೆ ತಿರುಗುತ್ತಿದ್ದವು. ಅಂದು ಪಡುವಲ ಬಾಯಲ್ಲಿ ಅಷ್ಟು ಜನರಿದ್ದರು. ಮಗಳು ಕೂಸನ್ನು ಮಡಿಲಿಗೆಳೆದುಕೊಂಡು ಆ ಹೆಸರನ್ನು ಗಟ್ಟಿಯಾಗಿ ಕರೆದಳು.

ಒಬ್ಬರೂ ತಿರುಗಲಿಲ್ಲ. ಕೂಸು ಮಾತ್ರ ಮುಷ್ಟಿ ಬಿಚ್ಚಿತು.